ಟ್ಯಾಂಕಿಗೆ ನೀಲಿ ಹಾಕಿದ ರಾತ್ರಿ

ನಮ್ಮ ಕಡೆ ಮಳೆಗಾಲದಲ್ಲಿ ಏನು ಒದ್ದೆಯಾದರೂ ಬೈಗುಳ ಮಳೆಗೇ. ಬಟ್ಟೆ ಒಣಗಲಿಲ್ಲ, ಮಳೆ. ಹಪ್ಪಳಕ್ಕೆ ಬೂಸ್ಟು ಬಂತು, ಮಳೆ. ಬೀರುವಿನಲ್ಲಿಟ್ಟ ಚರ್ಮದ ಬೆಲ್ಟು ಹಸಿರಾಯ್ತು, ಅದೂ ಮಳೆ. ಹೀಗೇ ಬೆಳೆದವನಿಗೆ ಟ್ರೇಲರ್‌ನ ಮಂಚದಡಿ ನೀರು ಕಂಡರೆ ಬೇರೆ ಯೋಚನೆ ಬರುವುದಾದರೂ ಹೇಗೆ? ಕಳೆದ ವರ್ಷ ಅರ್ಧ ಮಳೆಗಾಲ ನಾನು ಅದರ ಮಾಡಿನ ಮೇಲೆ ಹತ್ತಿ ಇಳಿಯುವುದರಲ್ಲೇ ಕಳೆದೆ. ನೀರು ಬರುತ್ತಿದ್ದದ್ದು ಗೋಡೆಯೊಳಗಿನ ಪೈಪಿನಿಂದ.

ಮೊದಲು ಆ ಡಬ್ಬಿಯ ವಿಷಯ ಹೇಳಬೇಕು. ಆ ಟ್ರೇಲರನ್ನು ಡಬ್ಬಿ ಅಂತ ಕರೆಯುವುದು ನಮ್ಮ ಅಮ್ಮ. ಹದಿನಾಲ್ಕು ಅಡಿ ಉದ್ದದ, ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವ ಮನೆ. ಬೆಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಕಟ್ಟಿಸಿದ್ದನ್ನು ಪರಿಚಯದವರಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆ. ಕಬ್ಬಿಣದ ಚೌಕ ಪೈಪಿನ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ಶೀಟು, ಒಳಗೆ ಪ್ಲೈವುಡ್, ನಡುವೆ ಬಿಸಿ ತಡೆಯಲು ಗ್ಲಾಸ್‌ವುಲ್, ಅಂದರೆ ಗಾಜಿನ ಎಳೆಯ ಹತ್ತಿ. ಮುಂದೆ ಮಂಚ, ನಡುವೆ ಸಿಂಕು ಮತ್ತು ಗ್ಯಾಸ್ ಒಲೆ, ಹಿಂದೆ ಒಬ್ಬರು ನಿಂತರೆ ತುಂಬುವ ಬಚ್ಚಲು. ಮಂಚದಡಿ 100 ಲೀಟರಿನ ನೀರಿನ ಟ್ಯಾಂಕು, ಪಕ್ಕದಲ್ಲಿ 12 ವೋಲ್ಟಿನ ಪುಟ್ಟ ಪಂಪು. ಬೇಸಿಗೆಯಲ್ಲಿ ಎರಡು ಸಲ ಗೋಕರ್ಣಕ್ಕೆ, ಒಂದು ಸಲ ಕೊಡಚಾದ್ರಿ ಬುಡದ ತನಕ ಎಳೆದುಕೊಂಡು ಹೋಗಿದ್ದೆವು. ಉಳಿದಂತೆ ಅದು ನಮ್ಮ ಅಂಗಳದ ಅಂಚಿನಲ್ಲಿ, ಹಲಸಿನ ಮರದಡಿ ನಿಂತಿರುತ್ತದೆ. ನೆಂಟರು ಜಾಸ್ತಿಯಾದರೆ ಒಂದು ಕೋಣೆ ಸಿಕ್ಕಂತೆ.

ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆಯ ದಿಕ್ಕಿಗೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮಲ್ಲಿ ಅಷ್ಟಿಲ್ಲ. ಆದರೆ ಒಂದು ಗಾಡಿಯನ್ನು ಹಾಳು ಮಾಡಲು ಬೇಕಾದಷ್ಟು ಇದೆ.

ಆರಿದ್ರ ಮಳೆ ಹಿಡಿದ ವಾರ ಟ್ರೇಲರ್ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಹಾಸಿಗೆ ಎತ್ತಿದೆ. ಅಡಿಯ ಹಲಗೆ ಕಪ್ಪಾಗಿತ್ತು, ಮೂಲೆಯಲ್ಲಿ ಕೈಯಿಟ್ಟರೆ ನೀರು ಅಂಟುತ್ತಿತ್ತು. ತಲೆಯೆತ್ತಿ ನೋಡಿದರೆ ಗಾಳಿಕಿಂಡಿಯ ಪಕ್ಕ ಮಾಡಿನಲ್ಲೂ ಚಹಾ ಬಣ್ಣದ ಒಂದು ಕಲೆ. ಇನ್ನೇನು ಬೇಕು? ಕಳ್ಳ ಸಿಕ್ಕ ಅಂದುಕೊಂಡೆ.

ಹಂಚಿನ ಮನೆ ಸೋರಿದರೆ ನಮಗೆ ಹೆದರಿಕೆಯಿಲ್ಲ. ಹನಿ ಬೀಳುವ ಜಾಗಕ್ಕೆ ಪಾತ್ರೆ ಇಡುತ್ತೇವೆ, ಮಳೆ ಬಿಟ್ಟಾಗ ಮೇಲೆ ಹತ್ತಿ ಒಡೆದ ಹಂಚು ಬದಲಿಸುತ್ತೇವೆ. ಸೋರುವುದೂ ಕಾಣುತ್ತದೆ, ಒಣಗುವುದೂ ಕಾಣುತ್ತದೆ. ಅದೇ ಧೈರ್ಯದಲ್ಲಿ ಸಿಲಿಕೋನ್ ಟ್ಯೂಬ್ ಹಿಡಿದು ಟ್ರೇಲರ್ ಮೇಲೆ ಹತ್ತಿದೆ. ಕಿಂಡಿಯ ಸುತ್ತ ಹಳೆಯ ಸಿಲಿಕೋನ್ ಮೇಲೆಯೇ ಹೊಸದನ್ನು ಬಳಿದೆ. ಮೂರನೇ ದಿನ ಅದು ರಬ್ಬರಿನ ಪಟ್ಟಿಯ ಹಾಗೆ ಪೂರ್ತಿ ಎದ್ದು ಬಂತು. ಸಿಲಿಕೋನ್ ಮೇಲೆ ಸಿಲಿಕೋನ್ ಕಚ್ಚುವುದಿಲ್ಲ, ಒದ್ದೆ ಮೇಲೂ ಕಚ್ಚುವುದಿಲ್ಲ. ನಾನು ಎರಡೂ ತಪ್ಪು ಒಟ್ಟಿಗೇ ಮಾಡಿದ್ದೆ. ಮತ್ತೆ ಬಳಿದೆ. ಮತ್ತೆ ಎದ್ದಿತು. ಕೊನೆಗೆ ಸಿಟ್ಟು ಬಂದು ಅಡಿಕೆ ಮುಚ್ಚುವ ದೊಡ್ಡ ಟಾರ್ಪಾಲನ್ನು ಇಡೀ ಗಾಡಿಗೆ ಸುತ್ತಿ ಹಗ್ಗ ಬಿಗಿದೆ.

ಟಾರ್ಪಾಲು ಸುತ್ತಿದ ಮೇಲೆ ಒಳಗೆ ಇನ್ನೂ ಜಾಸ್ತಿ ಒದ್ದೆಯಾಯಿತು. ಆಗಲಾದರೂ ತಲೆ ಓಡಬೇಕಿತ್ತು. ಓಡಲಿಲ್ಲ. “ಗಾಳಿಗೆ ಎರಚಲು ಹೊಡೀತಿದೆ” ಅಂದೆ. ಹೆಂಡತಿ ಏನೂ ಹೇಳಲಿಲ್ಲ, ಸುಮ್ನೆ ಟಾರ್ಪಾಲನ್ನೊಮ್ಮೆ ನೋಡಿ ಒಳಗೆ ಹೋದಳು.

ಗುಟ್ಟು ಬಿಟ್ಟುಕೊಟ್ಟವನು ಅಳಿಯ. ಮಗಳ ಮದುವೆಯಾಗಿ ಮೂರು ತಿಂಗಳಾಗಿತ್ತಷ್ಟೆ. ಆಷಾಢಕ್ಕೆ ಅವಳು ಬಂದಿದ್ದಳು, ಅವಳನ್ನು ನೋಡುವ ನೆಪ ಮಾಡಿಕೊಂಡು ಹುಡುಗ ಮೈಸೂರಿನಿಂದ ಬಂದೇಬಿಟ್ಟ. ಆಷಾಢದಲ್ಲಿ ಅತ್ತೆ, ಅಳಿಯ ಒಂದೇ ಹೊಸಿಲು ದಾಟಬಾರದು ಅಂತ ಅಮ್ಮನ ಹಟ. ಹೊರಗೆ ಪುನರ್ವಸು ಮಳೆ ಕೊಡ ಕವುಚಿದ ಹಾಗೆ ಹೊಯ್ಯುತ್ತಿದೆ, ಹುಡುಗನನ್ನು ಎಲ್ಲಿಗೆ ಕಳಿಸುವುದು? ಟಾರ್ಪಾಲು ಸರಿಸಿ, ಒಣ ಹಾಸಿಗೆ ಹಾಕಿ, ಟ್ರೇಲರ್‌ನಲ್ಲೇ ಮಲಗಿಸಿದೆವು.

ಬೆಳಿಗ್ಗೆ ತಿಂಡಿಗೆ ಜಗಲಿಯಲ್ಲಿ ಕೂತವನು ಸಂಕೋಚದಿಂದ ಹೇಳಿದ. “ಮಾವ, ಮಂಚದ ಕೆಳಗೆ ಒಂದು ಕಪ್ಪೆ ಸೇರಿಕೊಂಡಿದೆ. ರಾತ್ರಿಯೆಲ್ಲಾ ಟರ್ರ್ ಅಂತಿತ್ತು.”

“ಮಳೆಗಾಲ ಅಲ್ವಾ, ಇರತ್ತೆ” ಅಂದೆ.

“ಅಲ್ಲ ಮಾವ, ಬರೀ ಒಂದೇ ಸಲ ಟರ್ರ್ ಅನ್ನತ್ತೆ. ಆಮೇಲೆ ಕಾಲು ಗಂಟೆ ಸುಮ್ನಿರತ್ತೆ. ಮತ್ತೆ ಟರ್ರ್.”

ಇಡ್ಲಿ ಕೈಯಲ್ಲೇ ಉಳಿಯಿತು. ಗಡಿಯಾರ ನೋಡಿ ಕೂಗುವ ಕಪ್ಪೆ ಮಲೆನಾಡಿನಲ್ಲಿಲ್ಲ. ಅದು ಪಂಪು.

ಈ ಗಾಡಿಗಳ ಪಂಪಿನ ಒಳಗೆ ಒತ್ತಡಕ್ಕೆ ಕೆಲಸ ಮಾಡುವ ಒಂದು ಸ್ವಿಚ್ ಇರುತ್ತದೆ. ನಲ್ಲಿ ತಿರುಗಿಸಿದರೆ ಪೈಪಿನ ಒತ್ತಡ ಇಳಿಯುತ್ತದೆ, ಪಂಪು ಓಡುತ್ತದೆ. ನಲ್ಲಿ ಮುಚ್ಚಿದರೆ ಒತ್ತಡ ಏರಿ, ಸುಮಾರು 40 ಪಿಎಸ್‌ಐ ಆದಾಗ ತಾನೇ ನಿಲ್ಲುತ್ತದೆ. ಎಲ್ಲಾ ನಲ್ಲಿ ಮುಚ್ಚಿರುವಾಗ ಪಂಪು ಓಡಿತು ಅಂದರೆ ಒತ್ತಡ ಎಲ್ಲೋ ಇಳಿಯುತ್ತಿದೆ. ಒಂದೋ ಪಂಪಿನೊಳಗಿನ ವಾಲ್ವ್ ಸವೆದು ನೀರು ಟ್ಯಾಂಕಿಗೇ ವಾಪಸ್ ಹೋಗುತ್ತಿದೆ, ಇಲ್ಲವೇ ಪೈಪು ಸೋರುತ್ತಿದೆ. ಮಳೆಯ ಸದ್ದಿನಲ್ಲಿ, ಅದೂ ಮನೆಯೊಳಗೆ ಮಲಗುವ ನಮಗೆ ಆ ಎರಡು ಸೆಕೆಂಡಿನ ಟರ್ರ್ ಯಾವತ್ತೂ ಕೇಳಿರಲಿಲ್ಲ.

ಇದರ ಜೊತೆ ನನ್ನದೇ ಒಂದು ಬುದ್ಧಿವಂತಿಕೆ ಬೇರೆ. ಪದೇ ಪದೇ ನೀರು ತುಂಬುವ ರಗಳೆ ಬೇಡ ಅಂತ ಮನೆಯ ಟ್ಯಾಂಕಿನಿಂದ ಹೋಸ್ ಎಳೆದು ಟ್ರೇಲರ್ ಟ್ಯಾಂಕಿಗೆ, ನೀರು ಇಳಿದ ಕೂಡಲೇ ತಾನೇ ತೆರೆದುಕೊಳ್ಳುವ ಫ್ಲೋಟ್ ವಾಲ್ವ್ ಹಾಕಿದ್ದೆ. ಎಷ್ಟು ಸೋರಿದರೂ ಅಷ್ಟೇ ತುಂಬುತ್ತಿತ್ತು. ಟ್ಯಾಂಕು ಸದಾ ಫುಲ್. ಬ್ಯಾಟರಿಯೂ ಮನೆಯ ಕರೆಂಟಿನಿಂದ ಚಾರ್ಜ್ ಆಗುತ್ತಿತ್ತು. ಸೋರುವ ಪೈಪಿಗೆ ನಾನೇ ಹಗಲೂ ರಾತ್ರಿ ನೀರು, ಕರೆಂಟು ಎರಡೂ ಕೊಟ್ಟು ಸಾಕುತ್ತಿದ್ದೆ.

ಮೊದಲು ಮಾಡಿದ ಕೆಲಸ, ಮನೆಯಿಂದ ಹೋಗುವ ಕರೆಂಟಿನ ಪ್ಲಗ್ ಕಿತ್ತದ್ದು. ಒದ್ದೆ ಗೋಡೆ, ಕಬ್ಬಿಣದ ಚೌಕಟ್ಟು, 230 ವೋಲ್ಟು ಮೂರೂ ಒಂದೇ ಕಡೆ ಇರುವಾಗ ಅಳಿಯನನ್ನು ಅಲ್ಲಿ ಮಲಗಿಸಿದ್ದೆ ಅಂತ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಆಮೇಲೆ ಫ್ಲೋಟ್‌ಗೆ ಬರುವ ಹೋಸ್ ಬಂದ್ ಮಾಡಿ, ಟ್ಯಾಂಕಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದು, ಬ್ಯಾಟರಿಯಲ್ಲೇ ಪಂಪು ಆನ್ ಇಟ್ಟು ಗಡಿಯಾರ ಹಿಡಿದು ಕೂತೆ. ಹದಿನೇಳು ನಿಮಿಷಕ್ಕೊಮ್ಮೆ ಟರ್ರ್. ಮರುದಿನ ಅದೇ ಹೊತ್ತಿಗೆ ನೋಡಿದರೆ ಸುಮಾರು ನಾಲ್ಕು ಲೀಟರ್ ಇಳಿದಿತ್ತು. ಟ್ಯಾಂಕಿಗೇ ವಾಪಸ್ ಹೋಗುವುದಾದರೆ ನೀರು ಗೆರೆಯಿಂದ ಕೆಳಗೆ ಇಳಿಯುತ್ತಿರಲಿಲ್ಲ. ದಿನಕ್ಕೆ ನಾಲ್ಕು ಅಂದರೆ ತಿಂಗಳಿಗೆ 120 ಲೀಟರ್. ಒಂದು ಲೀಟರ್ ನೀರು ಒಂದು ಕೆಜಿ. ನೆಲದ ಸಂದಿಯಿಂದ ಒಂದಿಷ್ಟು ಇಳಿದು ಹೋಗಿರುತ್ತದೆ. ಉಳಿದದ್ದು?

ಆದರೂ ನನ್ನ ಅನುಮಾನ ಹೋಗಿರಲಿಲ್ಲ. ಪೈಪು ಸೋರುತ್ತಿರಬಹುದು, ಆದರೆ ಮಂಚದಡಿಯ ನೀರು ಅದೇನಾ? ಬಚ್ಚಲು, ಸಿಂಕು ಎರಡೂ ಹಿಂದಕ್ಕಿವೆ. ಮಂಚದ ಹತ್ತಿರದ ಪೈಪಿನ ಒಂದೊಂದು ಜಾಯಿಂಟಿಗೂ ಟಿಶ್ಯೂ ಪೇಪರ್ ಸುತ್ತಿ ನೋಡಿದೆ. ಎಲ್ಲಾ ಒಣ.

ಅಮ್ಮ ಜಗಲಿಯಲ್ಲಿ ಹೂಬತ್ತಿ ಹೊಸೆಯುತ್ತಾ ಇದನ್ನೆಲ್ಲಾ ಕೇಳಿಸಿಕೊಳ್ಳುತ್ತಿದ್ದಳು. “ಬಟ್ಟೆಗೆ ಹಾಕೋ ನೀಲಿ ಸ್ವಲ್ಪ ಟ್ಯಾಂಕಿಗೆ ಹಾಕೋ. ಮಳೆ ನೀರು ನೀಲಿ ಇರತ್ತೇನೋ?”

ಎಂಬತ್ತೆರಡು ವರ್ಷದ ಹೆಂಗಸು. ಒಂದು ತಿಂಗಳಿಂದ ನಾನು ಮಾಡು ಹತ್ತುವುದನ್ನು ನೋಡಿದ್ದಳು.

ಆ ರಾತ್ರಿ ಟ್ಯಾಂಕಿಗೆ ಧಾರಾಳವಾಗಿ ನೀಲಿ ಹಾಕಿದೆ. ಎಲ್ಲಾ ನಲ್ಲಿಯಲ್ಲೂ ನೀಲಿ ನೀರು ಬರುವ ತನಕ ಬಿಟ್ಟೆ. ಮಂಚದಡಿಯ ನೀರೊರೆಸಿ ಬಿಳಿ ಹಾಳೆ ಹಾಸಿದೆ. ಕಿಂಡಿಯ ಪಕ್ಕದ ಕಲೆಗೂ ಒಂದು ಹಾಳೆ ಅಂಟಿಸಿದೆ. ಬೆಳಿಗ್ಗೆ ನೋಡಿದರೆ ಮಂಚದಡಿಯ ಹಾಳೆಯಲ್ಲಿ ಅಂಗೈಯಷ್ಟು ಅಗಲಕ್ಕೆ ತೆಳು ನೀಲಿ. ಕಿಂಡಿಯ ಹಾಳೆಯೂ ಒದ್ದೆಯಾಗಿತ್ತು, ಆದರೆ ಬಣ್ಣವಿರಲಿಲ್ಲ. ಮಳೆಯದ್ದೂ ತಪ್ಪಿತ್ತು. ದೊಡ್ಡ ತಪ್ಪು ಪೈಪಿನದು. (ಆ ನೀಲಿ ಟ್ಯಾಂಕಿನಿಂದ ಪೂರ್ತಿ ಹೋಗಲು ಮೂರು ಸಲ ತೊಳೆಯಬೇಕಾಯಿತು. ಆ ನೀರನ್ನು ಯಾರೂ ಕುಡಿಯದ ಹಾಗೆ ನೋಡಿಕೊಳ್ಳಬೇಕು.)

ತೀರ್ಥಹಳ್ಳಿಯಿಂದ ಪ್ಲಂಬರ್ ಹುಡುಗ ಬಂದ. ಮನೆಗಳಿಗೆ ಕೆಲಸ ಮಾಡುವವನು, ಇಂಥ ಗಾಡಿ ಮುಟ್ಟಿದ್ದು ಮೊದಲ ಸಲ. ಆದರೆ ಕಣ್ಣು ಚುರುಕು. ಒಳಗೆ ಬಂದವನು ಮೊದಲು ನೆಲದ ಮೇಲೆ ಒಂದು ಗೋಲಿಯಂಥ ಬೇರಿಂಗ್ ಗುಂಡು ಇಟ್ಟ. ಅದು ಉರುಳಿಕೊಂಡು ಹೋಗಿ ಮಂಚದ ಮೂಲೆಗೆ ನಿಂತಿತು. ಗಾಡಿ ಮುಂದಕ್ಕೆ ವಾಲಿತ್ತು. ಮುಂದಿನ ಜಾಕು ಕೆಸರಿನಲ್ಲಿ ಹೂತು ಎರಡು ಇಂಚು ಇಳಿದಿದ್ದನ್ನು ನಾನು ಗಮನಿಸಿಯೇ ಇರಲಿಲ್ಲ.

“ಅಣ್ಣ, ನೀರು ಹಿಂದೆ ಬಿದ್ದು ಮುಂದೆ ಬಂದಿದೆ. ನೀವು ಇಳಿದ ಸ್ಟಾಪಲ್ಲೇ ಹುಡುಕ್ತಿದೀರಿ, ಹತ್ತಿದ್ದು ಎಲ್ಲಿ ಅಂತ ನೋಡ್ಬೇಕು.”

ಬಚ್ಚಲಿನ ಶವರ್ ಮಿಕ್ಸರ್ ಹಿಂದಿನ ಗೋಡೆಯನ್ನು ಬೆರಳಿನಿಂದ ತಟ್ಟುತ್ತಾ ಬಂದ. ಒಂದು ಕಡೆ ಸದ್ದು ಡಬ್ ಡಬ್ ಅಂತ ಸತ್ತ ಹಾಗಿತ್ತು. ಅಲ್ಲಿ ಪ್ಲೈವುಡ್ ಕೊಯ್ದು ಒಂದು ಕಿಟಕಿ ಮಾಡಿದೆವು. ಟಾರ್ಚ್ ಬಿಟ್ಟರೆ ಕಂಡಿತು. ಮಿಕ್ಸರಿಗೆ ಸೇರುವ ಮೊಳಕೈ ಜಾಯಿಂಟಿನ ಬುಡದಲ್ಲಿ ಕೂದಲೆಳೆಯಂಥ ಬಿರುಕು. ಅದರ ತುದಿಯಲ್ಲಿ ಒಂದು ಹನಿ, ನೀಲಿಯ ಹನಿ. ಅದು ಬೀಳುವುದಿಲ್ಲ, ಪೈಪಿನ ಮೈಗುಂಟ ಜಾರಿ, ಚೌಕಟ್ಟಿನ ಕಬ್ಬಿಣದ ಮೇಲಿಳಿದು, ನೆಲದ ಸಂದಿ ಹಿಡಿದು ಹನ್ನೆರಡು ಅಡಿ ಮುಂದಕ್ಕೆ ಹೋಗುತ್ತಿತ್ತು.

ಪೈಪು ಸಿಪಿವಿಸಿ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನದು. ಮನೆಗೆ ಒಳ್ಳೆಯದೇ. “ಆದರೆ ಇದು ಮನೆ ಅಲ್ಲ ಅಣ್ಣ, ಬಸ್ಸು. ಬಸ್ಸಿನೊಳಗೆ ಯಾರಾದ್ರೂ ಗಟ್ಟಿ ಪೈಪ್ ಹಾಕಿ ಗಮ್ ಹಚ್ಚಿ ಕೂರಿಸ್ತಾರಾ?” ಅಂದ ಹುಡುಗ. ಅದಲ್ಲದೆ ಪೈಪಿಗೆ ಒಂದಿಂಚೂ ಅಲ್ಲಾಡಲು ಬಿಡದೆ ಕಬ್ಬಿಣಕ್ಕೆ ಕ್ಲಾಂಪ್ ಬಿಗಿದಿದ್ದರು. ನಮ್ಮ ರಸ್ತೆಯ ಹಂಪು, ಹೊಂಡ, ಘಾಟಿಯ ತಿರುವು, ಎಲ್ಲಾ ಕುಲುಕಾಟವೂ ಆ ಒಂದು ಮೊಳಕೈಗೆ ಬಿದ್ದಿದೆ. ಕಟ್ಟಿದವರನ್ನು ಬೈಯಬೇಕು ಅನಿಸಿತು. ಆದರೆ ತಗೊಳ್ಳುವಾಗ ಬಣ್ಣ, ಹಾಸಿಗೆ, ಟೇಪ್ ರೆಕಾರ್ಡರ್ ನೋಡಿದ ನಾನು ಒಂದು ಸಲ ಪಂಪು ಹಾಕಿ ಕಿವಿಗೊಟ್ಟಿದ್ದರೆ ಆಗುತ್ತಿತ್ತು.

ಸೋರಿಕೆ ನಿಲ್ಲಿಸಲು ಹಿಡಿದದ್ದು ಅರ್ಧ ದಿನ. ನೀರು ಮಾಡಿಟ್ಟ ಅವಾಂತರ ಸರಿಮಾಡಲು ಆರು ತಿಂಗಳು.

ಮರಗೆಲಸದ ಆಚಾರ್ರು ಬಂದು ಕೆಳಗಿನ ಗೋಡೆಗೆ ಸ್ಕ್ರೂಡ್ರೈವರ್ ಚುಚ್ಚಿದರು. ಬೆಣ್ಣೆಗೆ ಹೋದ ಹಾಗೆ ಹೋಯಿತು. “ಇದು ಪ್ಲೈವುಡ್ ಅಲ್ಲ ಮಾರಾಯ್ರೆ, ರಟ್ಟು.” ಹಾಕಿದ್ದದ್ದು ಮಾಮೂಲಿ ಕಮರ್ಷಿಯಲ್ ಪ್ಲೈ, ಥಂಡಿ ಗಾಳಿ ತಡೆದುಕೊಳ್ಳುತ್ತದೆ, ನಿಂತ ನೀರನ್ನಲ್ಲ. ಒಂದು ಮೂಲೆ ಹಿಡಿದು ಎಳೆದರೆ ಪದರ ಪದರವಾಗಿ ಸುಲಿದು ಬಂತು. ಒಳಗಿನ ಗ್ಲಾಸ್‌ವುಲ್ ಹಿಂಡಿದರೆ ನೀರು ಸುರಿಯುತ್ತಿತ್ತು. ಅದರ ಹಿಂದೆ ಕಪ್ಪು ಬೂಸ್ಟು, ಮಂಚದ ಮೂಲೆಯಲ್ಲಿ ನಿಜವಾದ ಎರಡು ಅಣಬೆ. ಚೌಕಟ್ಟಿನ ಬೆಸುಗೆಗಳಲ್ಲಿ ತುಕ್ಕು ಹೊಪ್ಪಳೆ ಏಳುತ್ತಿತ್ತು.

ಬೂಸ್ಟು ನೋಡಿದ ಪಕ್ಕದ ಮನೆಯವರು ತಮಾಷೆಗೆ ಹೇಳಿದರು, “ಹೇಗೂ ಕೊಳೆ ಔಷಧಿ ಹೊಡೀತಿದೀರಲ್ಲ, ಇದಕ್ಕೂ ಒಂದು ಕೈ ಬೋರ್ಡೋ ಹೊಡೀರಿ.” ಒಂದು ಕ್ಷಣ ನಾನು ಗಂಭೀರವಾಗಿಯೇ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅಡಿಕೆಯ ಕೊಳೆರೋಗ ಅದಕ್ಕೆ ಬಗ್ಗುತ್ತದೆ. ಆದರೆ ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು ಅಂತ ತೋಟ ಇರುವ ಎಲ್ಲರಿಗೂ ಗೊತ್ತು, ಅದು ಕಬ್ಬಿಣವನ್ನೇ ತಿನ್ನುತ್ತದೆ. ಗಾಡಿಯ ಎಲುಬೆಲ್ಲಾ ಕಬ್ಬಿಣ. ಬೂಸ್ಟು ಹಿಡಿದದ್ದನ್ನು ಮಾಸ್ಕ್ ಹಾಕಿಕೊಂಡು, ಪುಡಿ ಹಾರದ ಹಾಗೆ ಒದ್ದೆ ಮಾಡಿ ಕಿತ್ತು ಚೀಲಕ್ಕೆ ತುಂಬಿದೆವು. ಉಳಿಸಿಕೊಳ್ಳುವ ಆಸೆ ಬಿಟ್ಟೆವು.

ಆಮೇಲೆ ಒಣಗಿಸುವ ಪಾಡು. ಆಶ್ಲೇಷ ಮಳೆ ನಡೆಯುತ್ತಿದೆ, ಬಟ್ಟೆಯೇ ಬಚ್ಚಲೊಲೆಯ ಮೇಲೆ ಒಣಗಬೇಕು. ಇನ್ನು ಗಾಡಿ ಹೇಗೆ ಒಣಗೀತು? ಬಾಗಿಲು ಮುಚ್ಚಿ ಒಳಗಿನ ಗ್ಯಾಸ್ ಒಲೆ ಹಚ್ಚಿದರೆ ಬಿಸಿಗೆ ಒಣಗುತ್ತದೆ ಅಂದುಕೊಂಡೆ. ಒಂದು ಗಂಟೆ ಬಿಟ್ಟು ನೋಡಿದರೆ ಕಿಟಕಿ ಗಾಜಿನಲ್ಲಿ ನೀರು ಹರಿಯುತ್ತಿದೆ! ಗ್ಯಾಸ್ ಉರಿದರೆ ನೀರಾವಿ ಹುಟ್ಟುತ್ತದೆ. ಒಂದು ಕೆಜಿ ಎಲ್‌ಪಿಜಿ ಉರಿದರೆ ಒಂದೂವರೆ ಕೆಜಿಗೂ ಹೆಚ್ಚು ನೀರು. ಮುಚ್ಚಿದ ಜಾಗದಲ್ಲಿ ಒಲೆ ಹಚ್ಚುವುದು ಜೀವಕ್ಕೂ ಅಪಾಯ, ಅದನ್ನು ಮಗಳು ಫೋನಿನಲ್ಲಿ ಬೈದು ತಿಳಿಸಿದಳು. ಕೊನೆಗೆ ಗಾಡಿಯನ್ನು ಅಡಿಕೆ ಸುಲಿಯುವ ಶೆಡ್ಡಿಗೆ ತಳ್ಳಿ, ಕಿತ್ತ ಗೋಡೆಗಳನ್ನು ಹಾಗೆಯೇ ತೆರೆದಿಟ್ಟು, ಕಿಟಕಿ ಎಲ್ಲಾ ತೆಗೆದು, ಒಂದು ಟೇಬಲ್ ಫ್ಯಾನ್ ಇಟ್ಟುಬಿಟ್ಟೆ.

ಶಿವಮೊಗ್ಗದ ಫರ್ನಿಚರ್ ಕೆಲಸದವರೊಬ್ಬರಿಂದ ಮರದ ತೇವ ಅಳೆಯುವ ಮೀಟರ್ ತಂದಿದ್ದೆ. ಎರಡು ಮುಳ್ಳು ಚುಚ್ಚಿದರೆ ತೇವ ಶೇಕಡಾ ಎಷ್ಟು ಅಂತ ಅಂಕಿ ತೋರಿಸುತ್ತದೆ. ಉಳಿಸಿಕೊಂಡ ನೆಲದ ಹಲಗೆ 34 ಇತ್ತು. ಅನುಮಾನ ಬಂದು ನಮ್ಮ ಮನೆಯ ಹಳೇ ಬಾಗಿಲಿಗೂ ಚುಚ್ಚಿ ನೋಡಿದೆ, 17. ಮಳೆಗಾಲದಲ್ಲಿ ಇದಕ್ಕಿಂತ ಒಣಗಿದ್ದು ನಮ್ಮೂರಿನಲ್ಲಿ ಏನೂ ಇಲ್ಲ ಅಂತ ಗೊತ್ತಾದ ಮೇಲೆ ಅವಸರ ಬಿಟ್ಟೆ. ದೀಪಾವಳಿ ಕಳೆದು, ಅಡಿಕೆ ಗೊನೆಯ ಕೊಯ್ಲು ಮುಗಿದು, ಅಂಗಳಕ್ಕೆ ಅಡಿಕೆಯ ಜೊತೆ ಗಾಡಿಯನ್ನೂ ಒಣಗಲು ಎಳೆದೆವು. ಜನವರಿಯಲ್ಲಿ ಮೀಟರ್ 12 ತೋರಿಸಿತು. ಆಗ ಕೆಲಸ ಶುರು.

ಕಬ್ಬಿಣವನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ, ಪೂರ್ತಿ ತಿಂದು ಹೋಗಿದ್ದ ಎರಡು ಕಡೆ ಹೊಸ ತುಂಡು ಬೆಸೆದು, ಪ್ರೈಮರ್ ಹೊಡೆಸಿದೆ. ಅದಕ್ಕೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ತನಕ ಎಳೆದುಕೊಂಡು ಹೋಗಬೇಕಾಯಿತು. ಪ್ಲೈ ಈ ಸಲ ನೀರು ತಡೆದುಕೊಳ್ಳುವ ಐಎಸ್ 710 ಗುರುತಿನದು, ಅಂಗಡಿಯಲ್ಲಿ ಬಿಡಬ್ಲ್ಯುಪಿ ಅಥವಾ ಮೆರೈನ್ ಅಂದರೆ ಕೊಡುತ್ತಾರೆ. ಅಷ್ಟಕ್ಕೇ ನಂಬಿ ಕೂರಬಾರದು ಅಂತ ಆಚಾರ್ರು ಕೊಯ್ದ ಅಂಚಿಗೆಲ್ಲಾ ಎಪಾಕ್ಸಿ ಬಳಿದರು. ಪ್ಲೈವುಡ್ ನೀರು ಕುಡಿಯುವುದೇ ಅಂಚಿನಿಂದ. ಗ್ಲಾಸ್‌ವುಲ್ ಬದಲಿಗೆ ನೀರು ಹೀರದ ಗಟ್ಟಿ ಫೋಮ್ ಹಲಗೆ.

ಪೈಪಿನ ಕೆಲಸ ಅದೇ ಹುಡುಗನದು. ಬಗ್ಗುವ ಪ್ಲಾಸ್ಟಿಕ್ಕಿನ ಪೆಕ್ಸ್ ಪೈಪು ತರಿಸಿದ. ಎಲ್ಲೂ ಬಿಗಿಯಾಗಿ ಎಳೆಯಲಿಲ್ಲ, ತಿರುವಿನಲ್ಲಿ ಒಂದಿಷ್ಟು ಸಡಿಲ ಬಿಟ್ಟ, ಕ್ಲಾಂಪಿಗೆಲ್ಲಾ ರಬ್ಬರ್ ಹಾಕಿದ. ಮುಖ್ಯವಾಗಿ, ಪ್ರತಿ ಜಾಯಿಂಟಿನ ಎದುರಿಗೂ ಗೋಡೆಯಲ್ಲಿ ತೆಗೆದು ಮುಚ್ಚುವ ಪುಟ್ಟ ಬಾಗಿಲು. ನೋಡಲು ಚೆಂದವಿಲ್ಲ. ಹೆಂಡತಿ ಅದಕ್ಕೆ “ಅಂಚೆ ಡಬ್ಬಿ” ಅನ್ನುತ್ತಾಳೆ. ಇರಲಿ. ಗೋಡೆ ಮುಚ್ಚುವ ಮೊದಲು ನೀರು ತುಂಬದೆ ಗಾಳಿಯಲ್ಲೇ ಪರೀಕ್ಷೆ ಮಾಡಿದೆವು. ಒಂದು ಕಡೆ ಟ್ಯೂಬಿನ ವಾಲ್ವ್ ಕೂರಿಸಿ, ಮೀಟರ್ ಇರುವ ಕಾಲು ಪಂಪಿನಲ್ಲಿ 40ರ ತನಕ ಗಾಳಿ ತುಂಬಿ, ಜಾಯಿಂಟಿಗೆಲ್ಲಾ ಸೋಪಿನ ನೊರೆ ಹಚ್ಚಿದೆವು. ಸಿಂಕಿನ ಕೆಳಗೆ ಒಂದು ಕಡೆ ಗುಳ್ಳೆ ಎದ್ದಿತು. ಬಿಚ್ಚಿ ಮತ್ತೆ ಕೂರಿಸಿದ ಮೇಲೆ ಒಂದು ಗಂಟೆ ಮುಳ್ಳು ಅಲ್ಲಾಡಲಿಲ್ಲ.

ಮಾಡಿನ ಸೋರಿಕೆಗೆ ಈ ಸಲ ಸಿಲಿಕೋನ್ ಮುಟ್ಟಲಿಲ್ಲ. ಕಿಂಡಿಯ ಚೌಕಟ್ಟನ್ನೇ ಬಿಚ್ಚಿ, ಹಳೆಯ ಸಿಲಿಕೋನನ್ನು ಚೂರೂ ಬಿಡದೆ ಕೆರೆದು, ಕೆಳಗೆ ಅಂಟು ರಬ್ಬರಿನ ಬ್ಯೂಟೈಲ್ ಟೇಪು ಇಟ್ಟು ಸ್ಕ್ರೂ ಬಿಗಿದು, ಅಂಚಿಗೆ ಸಂದಿ ಮುಚ್ಚುವ ಪಿಯು ಸೀಲಂಟ್ ಎಳೆದೆ. ಆಮೇಲೆ ಹೆಂಡತಿ ಒಳಗೆ ಟಾರ್ಚ್ ಹಿಡಿದು ನಿಂತಳು, ನಾನು ಹೊರಗಿನಿಂದ ತೋಟದ ಹೋಸ್ ಹಿಡಿದೆ. ನೀರನ್ನು ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು, ಒಂದೊಂದು ಜಾಗಕ್ಕೆ ಹತ್ತು ನಿಮಿಷ. ಮೇಲಿನಿಂದ ಬಿಟ್ಟರೆ ನೀರು ಎಲ್ಲಾ ಕಡೆ ಹರಿದು, ಯಾವ ಸಂದಿಯಿಂದ ಒಳಗೆ ಬಂತು ಅಂತ ತಿಳಿಯುವುದಿಲ್ಲ. ಮಾಡು ಪಾಸಾಯಿತು.

ಒಟ್ಟು ಖರ್ಚು 46 ಸಾವಿರ ದಾಟಿತು. ಅದರಲ್ಲಿ ಸೋರುತ್ತಿದ್ದ ಆ ಮೊಳಕೈಯ ಬೆಲೆ ನೂರು ರೂಪಾಯಿಯೂ ಇಲ್ಲ.

ಫ್ಲೋಟ್ ವಾಲ್ವ್ ಕಿತ್ತು ಹಾಕಿದ್ದೇನೆ. ಈಗ ಟ್ಯಾಂಕು ಖಾಲಿಯಾದರೆ ಖಾಲಿ ಅಂತ ಗೊತ್ತಾಗುತ್ತದೆ. ಮಲಗುವ ಮೊದಲು, ಊರಿಗೆ ಹೊರಡುವ ಮೊದಲು ಪಂಪಿನ ಸ್ವಿಚ್ ಆಫ್. ಟಾರ್ಪಾಲಿನ ಬದಲು ಮೇಲೆ ತಗಡಿನ ಮಾಡು ಮಾಡಿಸಿದೆ, ಸುತ್ತ ನಾಲ್ಕೂ ಕಡೆ ಗಾಳಿ ಆಡುವ ಹಾಗೆ. ಮುಂದಿನ ಜಾಕಿನ ಕೆಳಗೆ ಒಂದು ಜಂಬಿಟ್ಟಿಗೆ ಕಲ್ಲು.

ಈ ವರ್ಷ ಪುನರ್ವಸು ಮಳೆ ಹಿಡಿದ ಮೂರನೇ ದಿನ ಒಳಗೆ ಕೂತು ಅರ್ಧ ಗಂಟೆ ಪಂಪು ಆನ್ ಇಟ್ಟು ಕೇಳಿದೆ. ಹೊರಗೆ ನಿಜವಾದ ಕಪ್ಪೆಗಳು ಮಾತ್ರ. ಮಂಚದಡಿಯ ಹಾಳೆ ಒಣಗಿತ್ತು. ಎಡಗಡೆ ಕಿಟಕಿಯ ಕೆಳಮೂಲೆಯಲ್ಲಿ ಮೀಟರ್ 21 ತೋರಿಸುತ್ತಿದೆ, ಬೇರೆ ಕಡೆಗಿಂತ ನಾಲ್ಕು ಜಾಸ್ತಿ. ಆ ಕಿಟಕಿಯನ್ನು ನಾನು ಬಿಚ್ಚಿರಲಿಲ್ಲ. ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದು ತಾರೀಕು ಬರೆದಿದ್ದೇನೆ, ಬಿಸಿಲು ಬಂದ ಮೇಲೆ ಬಿಚ್ಚಬೇಕು.